ಹೆಂಡದ ಹಂಡೆಗೆ ಕಟ್ಟಿದ ಒಲೆ

ನನ್ನ ದೊಡ್ಡಪ್ಪ ಬಹಳ ಒಳ್ಳೆಯ ಮನುಷ್ಯ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ ಬಿಡಿ. ಊರಿನವರು ಅವನ ಮನೆಯ ಒಲೆ ಊದಿದವರಲ್ಲ. ಊದಿದವಳು ನನ್ನ ಅವ್ವ. ಅವನಿಗೆ ಕೈಮುಗಿಯುವವರನ್ನು ಕಂಡಾಗೆಲ್ಲ ನಾನು ಮುಖ ತಿರುಗಿಸಿ ನಡೆಯುತ್ತೇನೆ. ವಯಸ್ಸಾದರೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ನನಗೆ ವಯಸ್ಸಾಯಿತು, ಸಿಟ್ಟು ಇದ್ದಲ್ಲೇ ಇದೆ.

ನಮ್ಮ ಮನೆ ಇದ್ದದ್ದು ವಯನಾಡಿನ ಕಾಟ್ಟಿಕುಳಂನಿಂದ ಬಾವಲಿಗೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗೆ. ಹಿರಿಯರು ಯಾವ ಕಾಲದಲ್ಲೋ ಹೊಳೆ ದಾಟಿ ಕನ್ನಡ ನಾಡಿನ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಮಲಯಾಳ. ಮನೆಯ ಯಜಮಾನ ದೊಡ್ಡಪ್ಪ, ಅವನ ಕೆಳಗೆ ಅಪ್ಪ, ಅವ್ವ, ನಾನು, ನನ್ನ ತಮ್ಮ. ದೊಡ್ಡವ್ವ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು, ಅವನು ಮತ್ತೆ ಮದುವೆಯಾಗಲಿಲ್ಲ. ಹಾಗಾಗಿ ಆ ಮನೆಯ ಹೆಂಗಸಿನ ಕೆಲಸವೆಲ್ಲ ಅವ್ವನೊಬ್ಬಳ ತಲೆಗೆ ಬಿತ್ತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಹೆಂಡ ಮಾಡುವುದು.

ಹೆಂಡವೆಂದರೆ ಅಂಗಡಿಯ ಸಾರಾಯಿಯಲ್ಲ. ನಮ್ಮದು ರಾಗಿ ಹೆಂಡ. ಮಾರ್ನಮಿಯ ಹೊತ್ತಿಗೆ, ಪಿತೃಪಕ್ಷದಲ್ಲಿ, ಹಿರಿಯರ ಹಬ್ಬ ಬರುತ್ತದೆ. ಸತ್ತವರಿಗೆ ಬಾಳೆ ಎಲೆಯಲ್ಲಿ ಎಡೆ ಇಡಬೇಕು. ಬಾಡು, ಮುದ್ದೆ, ಹೊಸ ಬಟ್ಟೆ, ಎಲೆ ಅಡಿಕೆ ಎಲ್ಲ ಇದ್ದರೂ ಮನೆಯ ಹೆಂಡ ಇಲ್ಲದಿದ್ದರೆ ಆ ಎಡೆ ಎಡೆಯಲ್ಲ. ಬೆಳಗ್ಗೆ ತಾಮ್ರದ ಹಂಡೆಯಲ್ಲಿ ನೀರು ಕಾಯಿಸಲು ಇಟ್ಟರೆ, ಅದಕ್ಕೆ ರಾಗಿ ಹಿಟ್ಟು ಹುಯ್ದು, ತಳ ಹಿಡಿಯದ ಹಾಗೆ ಕೋಲಿನಿಂದ ತೊಳಸಿ ತೊಳಸಿ, ಇಳಿಸುವಷ್ಟರಲ್ಲಿ ದನ ಕೊಟ್ಟಿಗೆಗೆ ಬರುವ ಹೊತ್ತು. ಆಮೇಲೆ ಚಾಪೆಯ ಮೇಲೆ ಹರಡಿ ಆರಿಸಿ, ಮದ್ದಿನ ಬಿಲ್ಲೆ ಪುಡಿ ಮಾಡಿ ಬೆರೆಸಿ, ಮಡಕೆಗೆ ತುಂಬಿ ಬಾಯಿ ಕಟ್ಟಬೇಕು. ಅಕ್ಕಿ ಹಿಟ್ಟಿಗೆ ಕಾಡಿನ ಬೇರು ಸೊಪ್ಪು ಅರೆದು ಸೇರಿಸಿ ಒಣಗಿಸಿದ ಸಣ್ಣ ಬಿಲ್ಲೆಗಳು ಅವು. ಹುಳಿ ಬರಿಸಿ ಹೆಂಡವನ್ನು ಹೆಂಡ ಮಾಡುವುದೇ ಆ ಬಿಲ್ಲೆ.

ಇಷ್ಟೂ ನಡೆಯುತ್ತಿದ್ದುದು ಮೂರು ಕಲ್ಲಿನ ಒಲೆಯ ಮೇಲೆ. ಆ ಕಲ್ಲುಗಳ ಮೇಲೆ ಹಿರಿಯರು ಬಂದು ಕೂರುತ್ತಾರೆ ಎಂದು ನಮ್ಮ ಮನೆಯ ನಂಬಿಕೆ. ಕೂರಲಿ, ಬೇಡವೆಂದವರಾರು? ಆದರೆ ಹಿರಿಯರಿಗೆ ಕಣ್ಣುರಿ ಇಲ್ಲ, ಕೆಮ್ಮು ಇಲ್ಲ. ಅವ್ವನಿಗೆ ಎರಡೂ ಇದ್ದವು. ಮಳೆಗಾಲದ ಹಸಿ ಸೌದೆ, ಮೂರು ಕಡೆಯೂ ತೆರೆದ ಒಲೆ, ಕಿಟಕಿಯಿಲ್ಲದ ಅಡಿಗೆಮನೆ. ಅವಳು ಊದುಗೊಳವೆ ಹಿಡಿದು ಬಗ್ಗಿದರೆ ಹೊಗೆಯಲ್ಲಿ ಬೆನ್ನು ಮಾತ್ರ ಕಾಣುತ್ತಿತ್ತು. ಅವ್ವನ ಕಣ್ಣಿನ ಬಿಳಿ ಭಾಗದ ಕೆಂಪು ಹುಟ್ಟಿನಿಂದ ಬಂದ ಬಣ್ಣ ಎಂದು ನಾನು ತಿಳಿದಿದ್ದೆ. ಸೌದೆಯನ್ನೂ ಅವಳೇ ಕಾಡಿನ ಅಂಚಿನಿಂದ ತಲೆಯ ಮೇಲೆ ಹೊತ್ತು ತರಬೇಕು. ಗಾರ್ಡು ಬಂದರೆ ಬೈಗುಳ, ಆನೆ ಬಂದರೆ ಓಟ.

ಇನ್ನೊಂದು ಸಂಗತಿ ಹೇಳಬೇಕು. ನಮ್ಮಲ್ಲಿ ಗಂಡನ ಅಣ್ಣನೊಂದಿಗೆ ತಮ್ಮನ ಹೆಂಡತಿ ಮುಖ ಕೊಟ್ಟು ಮಾತಾಡುವಂತಿಲ್ಲ. ದೊಡ್ಡಪ್ಪ ಅವ್ವನಿಗೆ ಹೇಳಬೇಕಾದ್ದನ್ನು ಅಪ್ಪನಿಗೆ ಹೇಳುತ್ತಿದ್ದ: “ಲೋ, ಸೌದೆ ಮುಗ್ದದೆ ಅಂತ ನಿನ್ ಹೆಂಡ್ರಿಗೆ ಹೇಳು.” ಅವ್ವ ಅಲ್ಲೇ ಎರಡು ಮಾರು ದೂರದಲ್ಲಿ ನಿಂತಿರುತ್ತಿದ್ದಳು. ಅವಳು ಉತ್ತರವನ್ನು ನನ್ನ ಕಡೆ ತಿರುಗಿ ಕೊಡುತ್ತಿದ್ದಳು: “ಕೂಸೇ, ನಾಳೆ ತತ್ತೀನಿ ಅಂತ ನಿಮ್ ದೊಡ್ಡಪ್ಪಂಗೆ ಹೇಳು.” ಚಿಕ್ಕವಳಾಗಿದ್ದಾಗ ನನಗೆ ಇದೊಂದು ಆಟದ ಹಾಗೆ ಕಾಣುತ್ತಿತ್ತು. ಬುದ್ಧಿ ಬಂದ ಮೇಲೆ ಇದರಲ್ಲಿ ಯಾರಿಗೆ ಲಾಭ ಎಂಬುದು ಗೊತ್ತಾಯಿತು.

ವಯನಾಡು ಆಗ ಹೊಸದಾಗಿ ಜಿಲ್ಲೆಯಾಗಿತ್ತು. ಕಲೆಕ್ಟರ ಆಫೀಸು ಕಲ್ಪೆಟ್ಟಕ್ಕೆ ಬಂತು, ನಮ್ಮ ರಸ್ತೆಗೆ ಸರ್ಕಾರಿ ಜೀಪುಗಳು ಬಂದವು. ಒಂದು ಬೇಸಿಗೆಯಲ್ಲಿ ಬಂದ ಜೀಪು ಹೊಗೆಯಿಲ್ಲದ ಒಲೆಯ ಜೀಪು. ಮಣ್ಣು, ಇಟ್ಟಿಗೆ, ಒಂದು ಸಿಮೆಂಟು ಕೊಳವೆ. ಒಲೆ ಕಟ್ಟಿಕೊಡುವವಳು ಮೀನಂಗಡಿ ಎಂಬ ಊರಿನ ಕಡೆಯ ಹೆಂಗಸು. ಅರ್ಧ ಸೌದೆ ಸಾಕು, ಹೊಗೆ ಕೊಳವೆಯಲ್ಲಿ ಮೇಲೆ ಹೋಗುತ್ತದೆ ಎಂದು ಜೀಪಿನಲ್ಲಿ ಬಂದ ಆಫೀಸರು ಹೇಳಿದ. ಈ ಊರಿನ ಮೊದಲ ಒಲೆ ನಿಮ್ಮಂಥ ದೊಡ್ಡ ಮನೆಯಲ್ಲೇ ಆಗಬೇಕು ಎಂದು ಬೇರೆ ಹೇಳಿದ. ಅಷ್ಟು ಸಾಕಾಯಿತು ದೊಡ್ಡಪ್ಪನಿಗೆ. ಒಲೆ ಕಟ್ಟಿ ಮುಗಿದ ದಿನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡವನು ಅವನೇ. ಅದುವರೆಗೆ ಅವನು ಅಡಿಗೆಮನೆಯೊಳಗೆ ಬಂದದ್ದನ್ನು ನಾನು ನೋಡಿರಲಿಲ್ಲ.

ಒಲೆ ಕಟ್ಟುವಾಗ ಅವ್ವ ಒಂದು ಹಟ ಹಿಡಿದಳು. ಅಳತೆಗೆಂದು ಅವರು ತಂದಿದ್ದ ತಗಡಿನ ಬಳೆ ಅನ್ನದ ಪಾತ್ರೆಗೆ ಸರಿಯಾಗಿತ್ತು. ಅವ್ವ ಹೆಂಡದ ಹಂಡೆಯನ್ನು ಎಳೆದು ತಂದು ಒಲೆ ಕಟ್ಟುವವಳ ಮುಂದೆ ಇಟ್ಟಳು. ಹೆಂಡ ಎಂದು ಹೇಳುವ ಹಾಗಿಲ್ಲ, ಮನೆಯಲ್ಲಿ ಹೆಂಡ ಮಾಡಿದರೆ ಅಬಕಾರಿಯವರು ಹಿಡಿಯುತ್ತಾರೆ.

“ಭತ್ತ ಬೇಯ್ಸಕ್ಕೆ,” ಎಂದಳು ಅವ್ವ.

ಆ ಹೆಂಗಸು ಹಂಡೆಯೊಳಗೆ ಬಗ್ಗಿ ಮೂಸಿದಳು. ನಕ್ಕಳು. “ಶರಿ ಚೇಚಿ, ನೆಲ್ಲು ತನ್ನೆ,” ಎಂದಳು. ಸರಿ ಅಕ್ಕ, ಭತ್ತವೇ ಅಂದ ಹಾಗೆ. ತಗಡಿನ ಬಳೆಯ ಅಳತೆಗೆ ಹಿಂದೊಂದು ಬಾಯಿ ಬಿಟ್ಟು, ಮುಂದಿನ ಬಾಯಿಗೆ ಹಂಡೆಯನ್ನೇ ಕೂರಿಸಿ, ಅದರ ಸುತ್ತಲೂ ಮಣ್ಣು ಮೆತ್ತಿದಳು. ಮೂರು ಕಲ್ಲುಗಳನ್ನು ಅವ್ವ ತೊಳೆದು, ಅರಿಶಿನ ಕುಂಕುಮ ಇಟ್ಟು, ಅಡಿಗೆಮನೆಯ ಮೂಲೆಯಲ್ಲಿ ಮರ್ಯಾದೆಯಿಂದ ಇರಿಸಿದಳು. ದೊಡ್ಡಪ್ಪ ಆಗ ತುಟಿಪಿಟಕ್ ಅನ್ನಲಿಲ್ಲ.

ಆ ಒಲೆ ಹೇಗೆ ಉರಿಯುತ್ತಿತ್ತೆಂದರೆ, ಅವ್ವ ಮೊದಲ ದಿನ ಅದರ ಬಾಯಿಗೆ ಕೈ ಅಡ್ಡ ಹಿಡಿದು, ಗಾಳಿ ಒಳಕ್ಕೆ ಎಳೆದುಕೊಳ್ಳುತ್ತಿದೆ ನೋಡು ಎಂದು ನನ್ನ ಕೈಯನ್ನೂ ಎಳೆದು ಹಿಡಿಸಿದಳು. ಕಾಪಿ ಗಿಡದ ಕಡ್ಡಿಗಳಿಂದಲೇ ಅಡಿಗೆ ಮುಗಿಯುತ್ತಿತ್ತು. ತಲೆಹೊರೆ ಸೌದೆ ವಾರವೆಲ್ಲ ಬರುತ್ತಿತ್ತು. ಊದುಗೊಳವೆ ಗೋಡೆಯ ಗೂಡು ಸೇರಿತು. ಒಂದು ತಿಂಗಳು ಕಳೆಯುವಷ್ಟರಲ್ಲಿ ಅವ್ವ ಬೆಳಗಿನ ಕೆಮ್ಮನ್ನು ಮರೆತೇಬಿಟ್ಟಿದ್ದಳು. ಅವಳ ಕಣ್ಣು ತಿಳಿಯಾಯಿತು. ಅಡಿಗೆಮನೆಯಲ್ಲಿ ಕೂತು ನನ್ನ ತಲೆ ಬಾಚಿದಳು, ಅದೂ ಒಲೆ ಉರಿಯುತ್ತಿರುವಾಗ. ನಾನು ಅವ್ವನನ್ನು ಸುಖವಾಗಿ ಕಂಡದ್ದು ಆ ಒಂದು ಮಳೆಗಾಲ ಮಾತ್ರ. ಅದನ್ನು ಕಸಿದುಕೊಂಡವರನ್ನು ಕ್ಷಮಿಸು ಎಂದು ಯಾವ ದೇವರು ಬಂದು ಹೇಳಿದರೂ ನಾನು ಕೇಳುವವಳಲ್ಲ.

ಮಾರ್ನಮಿ ಬಂತು. ಅವ್ವ ಹೊಸ ಒಲೆಯ ಮೇಲೆ ಹಂಡೆ ಇಟ್ಟು, ಎಂದಿನ ಹಾಗೆ ಹಿಟ್ಟು ತೊಳಸಿ, ಆರಿಸಿ, ರಾತ್ರಿ ಬುಡ್ಡಿ ದೀಪದ ಬೆಳಕಿನಲ್ಲಿ ಬಿಲ್ಲೆ ಬೆರೆಸಿ, ಮಡಕೆಯ ಬಾಯಿ ಕಟ್ಟಿದಳು. ಹಬ್ಬದ ದಿನ ಎಡೆಗೆ ಎಲೆ ಹಾಸಿ ನೆಂಟರೆಲ್ಲ ಕೂಡಿದ ಮೇಲೆ ದೊಡ್ಡಪ್ಪ ಮಡಕೆಯ ಬಾಯಿ ಬಿಚ್ಚಿದ. ಹೆಂಡದ ಹುಳಿ ವಾಸನೆ ಬರಬೇಕಾದ ಕಡೆ ಬೂಸಲು ಹಿಡಿದ ಕಮಟು ವಾಸನೆ ಬಂತು. ಮೇಲೆ ಹಸಿರು ಪದರ. ಅವನು ಬೆರಳದ್ದಿ ನಾಲಿಗೆಗೆ ಇಟ್ಟು ಅಲ್ಲೇ ಉಗಿದ. ಆ ದಿನ ಹಿರಿಯರ ಎಡೆಗೆ ಕಾಟ್ಟಿಕುಳಂನ ಶಾಪಿನಿಂದ ಸೀಸೆಯಲ್ಲಿ ಸಾರಾಯಿ ತಂದು ಇಟ್ಟರು. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಮನೇಲಿ ಯಾರಾದ್ರೂ ಹೊರಗಾಗಿದ್ದೋರು ಮಡಕೆ ಮುಟ್ಟವ್ರಾ ಅಂತ ನಿನ್ ಹೆಂಡ್ರಿಗೆ ಕೇಳು,” ಎಂದ ದೊಡ್ಡಪ್ಪ ಅಪ್ಪನಿಗೆ, ಎಲ್ಲರ ಎದುರು.

ಆ ವರ್ಷ ತಾನೆ ನಾನು ದೊಡ್ಡವಳಾಗಿದ್ದೆ. ಅಷ್ಟು ಜನರ ಕಣ್ಣು ನನ್ನ ಮೇಲೆ ಬಿತ್ತು. ಅವ್ವ ನನ್ನ ಮುಂದೆ ಬಂದು ಅಡ್ಡ ನಿಂತಳು. “ಯಾರೂ ಮುಟ್ಟಿಲ್ಲ ಅಂತ ಹೇಳಿ,” ಎಂದಳು, ಅಪ್ಪನನ್ನು ನೋಡುತ್ತ.

“ಹಂಗಾದ್ರೆ ಕಲ್ಲು ಕಿತ್ತದ್ದಕ್ಕೇ ಆಗಿರದು,” ಎಂದ ದೊಡ್ಡಪ್ಪ. “ಹಿರೀಕರು ಕೂರೋ ಕಲ್ಲು ಮೂಲೆಗೆ ಬಿಸಾಕಿದ್ರೆ ಅವ್ರು ಎಲ್ಲಿ ಕೂತಾರು?”

ನೆಂಟರಲ್ಲಿ ಒಬ್ಬರಾದರೂ, ಒಲೆ ಹಾಕಿಸುವಾಗ ಫೋಟೋಗೆ ನಿಂತವನು ನೀನೇ ಅಲ್ಲವಾ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮವರಿಗೆ ಹಳೆಯ ಅಭ್ಯಾಸ. ದೊಡ್ಡಪ್ಪ ಚೊಂಬು ನೀರು ತರಿಸಿ ಎಡೆಯ ಮುಂದೆ ಮಂಡಿಯೂರಿದ. ನಮ್ಮ ಮನೆಯಲ್ಲಿ ಎಡೆಯ ಮುಂದೆ ನೀರು ಬಿಟ್ಟು ಹಿರಿಯರಿಗೆ ಮಾತು ಕೊಟ್ಟರೆ ಮುಗಿಯಿತು. ಬದುಕಿರುವವರಿಗೆ ಕೊಟ್ಟ ಮಾತು ತಪ್ಪಬಹುದು, ಅವರು ಬೈದು ಸುಮ್ಮನಾಗುತ್ತಾರೆ. ಸತ್ತವರಿಗೆ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆಯುವಂತಿಲ್ಲ, ತೆಗೆದರೆ ಮನೆತನ ಉಳಿಯುವುದಿಲ್ಲ.

“ತಪ್ಪಾಯ್ತು,” ಎಂದ ಅವನು ನೀರು ಬಿಡುತ್ತ. “ನಮ್ಮನೆ ಹೆಣ್ಣು ತಿಳೀದೆ ಮಾಡವ್ಳೆ. ಪಕ್ಷ ಕಳೀಲಿ, ಒಳ್ಳೆ ದಿನ ನೋಡಿ ಕಲ್ಲು ತಿರುಗಾ ಇಕ್ಕಿಸ್ತೀನಿ. ಆ ಸರ್ಕಾರಿ ಅಡುಪ್ಪು ಒಲೆ ಇರಕ್ಕೆ ಬುಡಾಕಿಲ್ಲ.”

ಅವ್ವನ ತಪ್ಪನ್ನು ಅವ್ವನನ್ನು ಕೇಳದೆ ಅವನೇ ಒಪ್ಪಿಕೊಂಡ. ಎಷ್ಟು ಧಾರಾಳ ಮನಸ್ಸು ನೋಡಿ!

ಮರುದಿನ ಅವ್ವ ನನ್ನನ್ನು ಒಲೆಯ ಮೇಲಿನ ಅಟ್ಟಕ್ಕೆ ಹತ್ತಿಸಿದಳು. ಬಿದಿರಿನ ಅಟ್ಟ ಅದು. ಬಿತ್ತನೆ ರಾಗಿ, ಹೀರೆ ಬೀಜ, ಒಣಮೀನು, ಬಿಲ್ಲೆಯ ಬುಟ್ಟಿ ಎಲ್ಲ ಅಲ್ಲೇ ಇರುತ್ತಿದ್ದುದು. ಬುಟ್ಟಿಗೆ ಕೈ ಹಾಕಿದರೆ ಬಿಲ್ಲೆಗಳು ಒದ್ದೆ ಮೆತ್ತಗೆ. ಕೆಲವು ಹಸಿರು ಹಿಡಿದಿದ್ದವು, ಕೆಲವನ್ನು ಹುಳ ತಿಂದು ಪೊಳ್ಳು ಮಾಡಿದ್ದವು. ರಾಗಿಯಲ್ಲೂ ಹುಳ. ಹೇಳಿದೆ. ಅವ್ವ ಕೆಳಗಿನಿಂದ ಕೊಳವೆಯನ್ನು ಬುಡದಿಂದ ಸೂರಿನವರೆಗೆ ಕಣ್ಣಲ್ಲೇ ಅಳೆದಳು. ಹೊಗೆಯೆಲ್ಲ ಕೊಳವೆಯಲ್ಲಿ ಹೊರಗೆ ಹೋಗಿತ್ತು. ಮಳೆಗಾಲವಿಡೀ ಅಟ್ಟಕ್ಕೆ ಹೊಗೆಯೂ ಇಲ್ಲ, ಬಿಸಿಯೂ ಇಲ್ಲ. ಅವ್ವನ ಎದೆಯನ್ನು ಸುಟ್ಟ ಹೊಗೆಯೇ ಅಷ್ಟು ವರ್ಷ ಬಿಲ್ಲೆಗಳನ್ನು ಒಣಗಿಸಿ ಕಾದಿತ್ತು.

“ಅಷ್ಟೇನಾ!” ಎಂದು ಅವ್ವ ನಕ್ಕುಬಿಟ್ಟಳು. “ಕೂಸೇ, ಬುಟ್ಟೀನ ಹೊರಗೆ ಕೊಳವೆ ಬಾಯಿ ಪಕ್ಕ ನೇತಾಕಿದ್ರೆ ಆಯ್ತಲ್ಲ. ಹೊಗೆ ಅಲ್ಲಿ ಕುಡೀಲಿ, ನಾನ್ಯಾಕೆ ಕುಡೀಲಿ?”

ತಪ್ಪು ಎಲ್ಲಿದೆ ಎಂದು ತೋರಿಸಿಕೊಟ್ಟರೆ ಸಾಕು, ಮನೆಯವರು ಒಪ್ಪುತ್ತಾರೆ ಎಂದು ಅವಳು ನಂಬಿದ್ದಳು. ಅವಳು ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಲೂ ಇಲ್ಲ. ಪಕ್ಕದ ಮನೆಯ ಅಜ್ಜಿಯ ಅಟ್ಟದಿಂದ ಒಳ್ಳೆಯ ಬಿಲ್ಲೆ ಕೇಳಿ ತಂದು, ಅದೇ ಹೊಸ ಒಲೆಯ ಮೇಲೆ ಚಿಕ್ಕ ಮಡಕೆಯಷ್ಟು ಹೆಂಡ ಮಾಡಿದಳು. ಹುಳಿ ಬಂದು ಕಳಿತ ದಿನ ನನ್ನ ಕೈಯಲ್ಲಿ ಲೋಟ ಕೊಟ್ಟು ಕಳಿಸಿದಳು. ತಾನು ಬಾಗಿಲ ಹಿಂದೆ ನಿಂತಳು.

ದೊಡ್ಡಪ್ಪ ಜಗುಲಿಯಲ್ಲಿ ಕೂತಿದ್ದ, ಅಪ್ಪ ಪಕ್ಕದಲ್ಲಿ. ನಾನು ಎಲ್ಲವನ್ನೂ ಹೇಳಿದೆ: ಅಟ್ಟ, ಬಿಲ್ಲೆ, ಕೊಳವೆ. ಹೆಂಡ ಕೆಟ್ಟದ್ದು ಒಲೆಯಿಂದಲ್ಲ, ಇದೂ ಅದೇ ಒಲೆಯಲ್ಲಿ ಮಾಡಿದ್ದು ಎಂದೆ. ಅವನು ಲೋಟವನ್ನು ಮೂಸಿದ, ಕುಡಿದ, ಮೀಸೆ ಒರೆಸಿಕೊಂಡ.

“ಪಸಂದಾಗದೆ,” ಎಂದ. “ಇನ್ನೊಂದ್ ಲೋಟ ತಾ.”

ನಾನು ಕುಣಿಯುತ್ತ ಒಳಗೆ ಓಡಿದೆ. ಅವ್ವ ಲೋಟವನ್ನು ಅಂಚಿನವರೆಗೂ ತುಂಬಿಸಿದಳು. ಎರಡನೆಯದನ್ನೂ ಅವನು ನಿಧಾನವಾಗಿ ಕುಡಿದು ಮುಗಿಸಿದ. ಆಮೇಲೆ ಎದ್ದು, ಸೂರಿನ ಕೆಳಗಿದ್ದ ಹಾರೆ ತೆಗೆದುಕೊಂಡು ಅಡಿಗೆಮನೆಗೆ ನಡೆದ.

“ಹೆಂಡ ಚೆನ್ನಾಗದೆ ಅಂತ ನಿನ್ ಹೆಂಡ್ರಿಗೆ ಹೇಳು,” ಎಂದ ಅಪ್ಪನಿಗೆ, ಒಳಗೆ ಹೋಗುತ್ತಲೇ. “ಆದ್ರೆ ಹಿರೀಕರಿಗೆ ಮಾತು ಕೊಟ್ಟಾಗದೆ. ಇವತ್ತು ದಿನ ಒಳ್ಳೇದು.”

ಮೊದಲ ಏಟಿಗೆ ಕೊಳವೆ ಬಿತ್ತು. ಹಂಡೆಯ ಅಳತೆಗೆ ಕಟ್ಟಿದ್ದ ಮಣ್ಣು ಒಣಗಿ ಗಟ್ಟಿಯಾಗಿತ್ತು, ಬೇಗ ಒಡೆಯಲಿಲ್ಲ, ಅವನು ಬೆವರಿದ. ಅವ್ವ ಅಳಲಿಲ್ಲ. ಅವಳು ಆ ದಿನ, ಮದುವೆಯಾಗಿ ಬಂದ ಮೇಲೆ ಮೊದಲ ಬಾರಿಗೆ, ಅವನನ್ನು ನೇರ ನೋಡಿ ಮಾತಾಡಿದಳು: “ಬಾವ, ನಂಗೆ ಉಸುರು ಕಟ್ತದೆ.” ಅಷ್ಟೇ. ಅವನು ತಿರುಗಿ ನೋಡಲಿಲ್ಲ. ಕೇಳಿಸಲಿಲ್ಲವೆಂದಲ್ಲ, ತಮ್ಮನ ಹೆಂಡತಿ ನೇರ ಮಾತಾಡಿದ್ದನ್ನು ಕೇಳಿಸಿಕೊಳ್ಳದಿರುವುದೇ ಅವನ ದೊಡ್ಡತನ. ಅಪ್ಪನೋ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಇಟ್ಟಿಗೆ ಚೂರುಗಳನ್ನು ಮಂಕರಿಗೆ ತುಂಬಿ ಹೊರಗೆ ಸಾಗಿಸಿದ. ಅಷ್ಟು ಸಹಾಯ ಮಾಡಿದ, ಪಾಪ.

ಸಂಜೆಗೆ ಮೂರು ಕಲ್ಲು ಹಳೆಯ ಜಾಗಕ್ಕೆ ಬಂದವು. ಅವ್ವ ಗೂಡಿನಿಂದ ಊದುಗೊಳವೆ ತೆಗೆದು ಬಗ್ಗಿದಳು. ಒಂದು ವಾರಕ್ಕೆ ಕೆಮ್ಮೂ ತಿರುಗಿ ಬಂತು. ಮುಂದಿನ ವರ್ಷದ ಹೆಂಡ ಬಹಳ ಚೆನ್ನಾಗಿತ್ತು ಎಂದು ನೆಂಟರೆಲ್ಲ ಹೊಗಳಿದರು. ಕಲ್ಲು ಜಾಗಕ್ಕೆ ಬಂತಲ್ಲ, ಹಿರೀಕರು ಒಪ್ಪಿದರು ಎಂದರು.

ನಾನು ಮದುವೆಯಾಗಿ ಪುಲ್ಪಳ್ಳಿಗೆ ಹೋದೆ. ಬಂದು ನೋಡಿದಾಗೆಲ್ಲ ಅವ್ವ ಸಣ್ಣಗಾಗುತ್ತಿದ್ದಳು. ಮೊದಲು ಸೌದೆ ಹೊರಲು ಆಗದಾಯಿತು, ಆಮೇಲೆ ನೀರು, ಆಮೇಲೆ ಮಾತಿನ ನಡುವೆ ನಿಲ್ಲಿಸಿ ಉಸಿರು ಎಳೆದುಕೊಳ್ಳುವಂತಾಯಿತು. ಮಾನಂತವಾಡಿಯ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಅವಳ ಎದೆಗೆ ಕೊಳವೆ ಇಟ್ಟು ನೋಡಿ, ಇವರು ಬೀಡಿ ಸೇದುತ್ತಾರಾ ಎಂದು ಕೇಳಿದರು. ದೊಡ್ಡಪ್ಪನಿಗೆ ಅವಮಾನವಾಗಿಹೋಯಿತು.

“ಏನ್ ಮಾತು ಆಡ್ತೀರಿ ಡಾಕ್ಟ್ರೇ! ನಮ್ಮನೆ ಹೆಂಗಸ್ರು ಬೀಡೀನ ಮೂಸೂ ನೋಡಾಕಿಲ್ಲ,” ಎಂದ ಎದೆಯುಬ್ಬಿಸಿ.

ನಾನು ಆ ವಾರ್ಡಿನಲ್ಲಿ, ಅಷ್ಟು ಮಂಚಗಳ ನಡುವೆ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಒಲೆ ಒಡೆದವನು ನೀನು, ಅವ್ವನನ್ನು ಕೊಲ್ಲುತ್ತಿರುವವನು ನೀನು ಎಂದೆ. ಅಪ್ಪ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ. ದೊಡ್ಡವರಿಗೆ ಹಂಗೆಲ್ಲ ಅನ್ಬಾರದು ಕಣವ್ವ ಎಂದ. ಅಪ್ಪನಿಗೆ ಜೀವನದಲ್ಲಿ ಹೇಳಲು ಇದ್ದದ್ದು ಅದೊಂದೇ ಮಾತು. ಆ ಮಳೆಗಾಲ ಮುಗಿಯುವ ಮೊದಲೇ ಅವ್ವ ತೀರಿಕೊಂಡಳು.

ವರ್ಷ ತುಂಬಿದ ಮೇಲಿನ ಮಾರ್ನಮಿಗೆ ಅವ್ವನಿಗೂ ಎಡೆ. ನಾನು ಹಿಂದಿನ ದಿನವೇ ಹೋದೆ. ಅಷ್ಟರಲ್ಲಿ ನನ್ನ ತಮ್ಮನಿಗೆ ಮದುವೆಯಾಗಿತ್ತು. ಅವನ ಹೆಂಡತಿ, ಇನ್ನೂ ಹುಡುಗಿ, ಮೂರು ಕಲ್ಲಿನ ಒಲೆಯ ಮುಂದೆ ಬಗ್ಗಿ ಊದುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಣ್ಣು ಕೆಂಪಗಿದ್ದವು.

“ಬಾ ಅಕ್ಕ,” ಎಂದಳು, ಕೆಮ್ಮಿದಳು.

ಎಡೆಯ ಹೊತ್ತಿಗೆ ದೊಡ್ಡಪ್ಪ ಕೋಲೂರಿಕೊಂಡು ಬಂದ. ಬಗ್ಗಿದ ಬೆನ್ನು, ಮೊದಲಿನದೇ ಗತ್ತು. ಹಿರಿಯರ ಸಾಲಿನಲ್ಲಿ ಅವ್ವನ ಎಲೆ ಕೊನೆಯದು. ಅದರ ಮೇಲೆ ಅವಳ ಸೀರೆ, ಪಕ್ಕದಲ್ಲಿ ಒಂದು ಲೋಟ ಹೆಂಡ. ಬದುಕಿದ್ದಾಗ ಅವ್ವ ಅದನ್ನು ರುಚಿ ನೋಡಲು ಬೆರಳಲ್ಲಿ ನೆಕ್ಕಿದ್ದು ಬಿಟ್ಟರೆ ಒಂದು ಗುಟುಕು ಕುಡಿದವಳಲ್ಲ. ಅಪ್ಪ ಕೈಮುಗಿದ, ತಮ್ಮ ಕೈಮುಗಿದ. ನನ್ನ ಸರದಿ ಬಂದಾಗ ನಾನು ಚೊಂಬು ಎತ್ತಿಕೊಂಡು ಅವ್ವನ ಎಲೆಯ ಮುಂದೆ ಮಂಡಿಯೂರಿದೆ. ದೊಡ್ಡಪ್ಪನಿಗೆ ಅರ್ಥವಾಯಿತು.

“ಲೋ, ಅವಳು ಕೊಟ್ಟ ಹೆಣ್ಣು, ಮಾತು ಕೊಡಾಕೆ ಅಧಿಕಾರ ಇಲ್ಲ ಅಂತ ಹೇಳು,” ಎಂದು ಅಪ್ಪನ ಕಡೆ ತಿರುಗಿದ.

“ಹೆತ್ತವ್ವಂಗೆ ಮಾತು ಕೊಡಾಕೆ ಯಾರ ಅಧಿಕಾರ ಬೇಕು?” ಎಂದೆ. ಅಪ್ಪನಿಗಲ್ಲ, ಅವನಿಗೇ. ಆಮೇಲೆ ನೀರು ಬಿಟ್ಟೆ. “ಅವ್ವ, ಈ ಕಲ್ಲಿನ ಮೇಲೆ ಇನ್ಮೇಲೆ ಈ ಮನೆ ಹೆಣ್ಣು ಯಾರೂ ಬೆಂಕಿ ಊದಾಕಿಲ್ಲ. ಕೊಳವೆ ಒಲೆ ಕಟ್ತೀವಿ. ನಿನ್ನ ಹೆಂಡ ಅದ್ರ ಮೇಲೇ.”

ನೀರು ನೆಲದ ಮೇಲೆ ಹರಿದು ಎಲೆಯ ಅಂಚು ತಾಗಿತು. ದೊಡ್ಡಪ್ಪ ಕೊಟ್ಟಿದ್ದ ಮಾತು ಆ ಒಲೆ ಒಡೆದ ದಿನವೇ ತೀರಿತ್ತು, ಈಗ ಅವ್ವನೂ ಹಿರಿಯರ ಸಾಲಿನವಳು. ದೊಡ್ಡಪ್ಪ ಕೋಲೂರಿಕೊಂಡು ಜಗುಲಿಗೆ ನಡೆದ. ಅಪ್ಪ ತಲೆ ತಗ್ಗಿಸಿದ. ತಮ್ಮನ ಹೆಂಡತಿ ಮಾತ್ರ ಬಾಗಿಲ ಹಿಂದಿನಿಂದ ಮುಂದೆ ಬಂದು ನನ್ನ ಪಕ್ಕ ಕೂತಳು.

ಆ ವಾರವೇ ಒಲೆ ಕಟ್ಟಿದೆವು, ನಾನೂ ಅವಳೂ. ಹಾರೆ ಹಿಡಿದು ಯಾರೂ ಬರಲಿಲ್ಲ. ಇಷ್ಟೇ ಸಾಕಿತ್ತು: ಒಂದು ಚೊಂಬು ನೀರು, ಎರಡು ಮಾತು. ಬದುಕಿದ್ದ ಅವ್ವ ಅಟ್ಟ ತೋರಿಸಿದಳು, ಬಿಲ್ಲೆ ತೋರಿಸಿದಳು, ಒಳ್ಳೆಯ ಹೆಂಡ ಮಾಡಿ ಕುಡಿಸಿದಳು, ಉಸಿರು ಕಟ್ಟುತ್ತದೆ ಎಂದು ಬಾಯಿಬಿಟ್ಟು ಹೇಳಿದಳು. ಯಾವುದಕ್ಕೂ ಆ ಮನೆ ಕಿವಿಗೊಡಲಿಲ್ಲ. ಸತ್ತು ಬಾಳೆ ಎಲೆಯ ಮುಂದೆ ಕೂತ ಮೇಲೆ ಅವಳಿಗೂ ಬೆಲೆ ಬಂತು. ಆ ಬೆಲೆ ಕಟ್ಟಿಕೊಂಡು ನಾನೇನು ಮಾಡಲಿ? ನನಗೆ ಬೇಕಿದ್ದದ್ದು ಅವ್ವ.